ಮತ್ತು ಸಂಗಡಿಗರು

"ಈ ಹೆಸರು ಇದರ ಮೇಲೆ ಇರೋವರೆಗೂ ಈ ಮನೇಲಿ ನಾನು ಒಂದು ತುತ್ತೂ ಮುಟ್ಟಲ್ಲ!"

ಅಕ್ಕಯಮ್ಮ ಊಟದ ತಟ್ಟೆಯನ್ನು ದೂಡಿದ ರಭಸಕ್ಕೆ ಹುರುಳಿ ಸಾರು ನಡುಮನೆಯ ನೆಲದ ಮೇಲೆಲ್ಲ ಚೆಲ್ಲಿತು. ಮುದ್ದೆ ಉರುಳಿಹೋಗಿ ಹೊಸ್ತಿಲಿಗೆ ತಾಗಿ ನಿಂತಿತು. ಎಂಬತ್ತು ದಾಟಿದ ಆ ಕೈಯಲ್ಲಿ ಇನ್ನೂ ಇಷ್ಟು ಬಲವಿದೆಯೇ ಎಂದು ಸೊಸೆ ರಾಮಲಕ್ಷ್ಮಮ್ಮ ದಂಗಾಗಿ ನಿಂತಳು. ಅತ್ತೆಯ ಇನ್ನೊಂದು ಕೈಯಲ್ಲಿದ್ದುದು ಮೊಮ್ಮಗಳು ಯಾಮಿನಿ ಚಿಂತಾಮಣಿಯ ತನ್ನ ಸ್ಟುಡಿಯೋದಿಂದ ಆಗಷ್ಟೇ ತಂದು, ಓದಿ ಹೇಳಿ, ಹೆಮ್ಮೆಯಿಂದ ಅಜ್ಜಿಯ ಕೈಗಿತ್ತಿದ್ದ ಹೊಸ ರೆಕಾರ್ಡಿನ ಹೊದಿಕೆಯ ಮಾದರಿ. ಒಂದು ಹಿಪ್ಪುನೇರಳೆ ಎಲೆಯ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ 'ಕೆಂಚಾರ್ಲಹಳ್ಳಿ ರಾಮಲಕ್ಷ್ಮಮ್ಮ'.

"ಅಜ್ಜೀ, ಅಮ್ಮನ ಹಳೇ ಕ್ಯಾಸೆಟ್ಟೆಲ್ಲ ತಟ್ಟೆ ರೆಕಾರ್ಡಾಗಿ ಬರ್ತಿದೆ. ಎಲ್ಲೆಲ್ಲಿಂದಲೋ ಜನ ಕೇಳ್ತಾವ್ರೆ. ಖುಷಿ ಪಡೋದು ಬಿಟ್ಟು..."

"ರೇಷ್ಮೆ ಹುಳದ ತಟ್ಟೆ ತೊಳೆಯೋ ಕೈಗೆ ಹಾಡಿನ ತಟ್ಟೆ ಬೇರೆ ಕೇಡು! ಬರ್ಲಿ, ಬೇಡ ಅಂದ್ನಾ? ಮುಂಚೆ ಹೆಂಗೆ ಬರ್ತಿತ್ತೋ ಹಂಗೇ ಬರ್ಲಿ. ಹೆಸರು ಮಾತ್ರ ಬೇಡ."

ಮೂಲೆಯಲ್ಲಿ ಕೂತಿದ್ದ ರಾಮಲಕ್ಷ್ಮಮ್ಮನ ಗಂಡ ಮುನಿನಾರಾಯಣಪ್ಪ ತಲೆ ತಗ್ಗಿಸಿ, "ಮತ್ತೆ ಪ್ರೆಸ್ಸಿಗೆ ಓಡ್ಲೇನಮ್ಮ?" ಎಂದು ಗೊಣಗಿದ.

ಆ 'ಮತ್ತೆ' ಎಂಬ ಮಾತು ರಾಮಲಕ್ಷ್ಮಮ್ಮನ ಎದೆಯೊಳಗೆ ಮುಳ್ಳಾಡಿಸಿತು... ಮೂವತ್ತೈದು ವರ್ಷವಾಯಿತು ಈ ಓಟ ಶುರುವಾಗಿ!

ಮದುವೆಯಾಗಿ ಬಂದ ಹೊಸದು. ಹೆಂಡತಿ ರಾಗಿ ಬೀಸುತ್ತ ಕಟ್ಟಿದ ಹಾಡುಗಳನ್ನು ಕೇಳಿ ಮರುಳಾದ ಮುನಿನಾರಾಯಣಪ್ಪ ಯಾರಿಂದಲೋ ಟೇಪ್‌ರೆಕಾರ್ಡರು ಕೇಳಿ ತಂದಿದ್ದ. ಹೊರಗಿನ ಸದ್ದು ಬರದ ಜಾಗವೆಂದರೆ ರೇಷ್ಮೆ ಹುಳು ಸಾಕುವ ಮನೆಯೊಂದೇ. ದಪ್ಪ ಮಣ್ಣಿನ ಗೋಡೆ, ಕಿಟಕಿಗೆ ಗೋಣಿತಾಟು. ಮಧ್ಯಾಹ್ನ ಎಲ್ಲರೂ ಸೊಪ್ಪು ಕೊಯ್ಯಲು ಹೋದಾಗ ಅಲ್ಲಿ ಕೂತು ಹಾಡಿದಳು. ಹೊರಗಿನ ಸದ್ದೇನೋ ಬರಲಿಲ್ಲ. ಆದರೆ ಹುಳುಗಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಹಗಲಿರುಳೂ ಸೊಪ್ಪು ಮುಕ್ಕುವ ಕಾಲ ಅದು. ತಟ್ಟೆ ತಟ್ಟೆಯಿಂದಲೂ ಜಡಿಮಳೆ ಹಿಡಿದಂತೆ ಚರಚರ ಸದ್ದು. ಹಾಡಿನುದ್ದಕ್ಕೂ ಆ ಮಳೆ ಸುರಿಯಿತು. ಅವಳ ಹಾಡುಗಳೋ, ಒಬ್ಬರು ಕರೆದರೆ ಇನ್ನೊಬ್ಬರು ಓಗೊಡಬೇಕಾದಂಥವು. ಓಗೊಡಲು ಅವಳಿಗೆ ಯಾರಿದ್ದರು? 'ಓ ಅಕ್ಕಯ್ಯಾ...' ಎಂದು ಕರೆದು, ಒಂದು ಉಸಿರಿನಷ್ಟು ಜಾಗ ಖಾಲಿ ಬಿಟ್ಟು, ಮುಂದಿನ ಸಾಲನ್ನು ತಾನೇ ಎತ್ತಿಕೊಳ್ಳುತ್ತಿದ್ದಳು.

ಆಗಿನ ಕ್ಯಾಸೆಟ್ಟುಗಳ ರೂಢಿಯಂತೆ ಚಿಂತಾಮಣಿಯ ಪ್ರೆಸ್ಸಿನವನು 'ರಾಮಲಕ್ಷ್ಮಮ್ಮ ಮತ್ತು ಸಂಗಡಿಗರು' ಎಂದು ಅಚ್ಚುಮೊಳೆ ಜೋಡಿಸಿದ. ಸುದ್ದಿ ಕಿವಿಗೆ ಬಿದ್ದದ್ದೇ ಅಕ್ಕಯಮ್ಮ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಿದ್ದಳು. "ಬಸ್‌ಸ್ಟ್ಯಾಂಡ್ ಅಂಗಡೀಲಿ ನಮ್ಮನೆ ಸೊಸೆ ಹೆಸರು ನೇತಾಡಬೇಕಾ?" ಮಗ ಸೈಕಲ್ ತುಳಿದು ಓಡಿ, "ಹೆಸರು ತೆಗೀರಣ್ಣ" ಎಂದ. ಪ್ರೆಸ್ಸಿನವನು ಹೇಳಿದಷ್ಟನ್ನೇ ಮಾಡಿದ. ಹೆಸರು ಕಿತ್ತು, ಉಳಿದದ್ದನ್ನು ಹಾಗೇ ಅಚ್ಚೊತ್ತಿದ... 'ಮತ್ತು ಸಂಗಡಿಗರು'!

ಜನಕ್ಕೆ ಅದೇ ಹಿಡಿಸಿಬಿಟ್ಟಿತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ಹೊರಬಂದ ರೈತರು, ಕ್ಯಾಸೆಟ್ಟು ಮಾರಲು ನಿಂತ ಮುನಿನಾರಾಯಣಪ್ಪನ ಹೆಗಲ ಚೀಲ ಕಂಡೊಡನೆ, "ಅಣ್ಣೋ, ಮತ್ತು ಸಂಗಡಿಗರು ಹೊಸಾದು ಬಂತಾ?" ಎನ್ನುತ್ತಿದ್ದರು. ಗೌರಿಬಿದನೂರು, ತೊಂಡೇಬಾವಿ ಕಡೆಯ ಮದುವೆಮನೆಗಳಲ್ಲಿ ಹೆಂಗಸರು ಅವಳನ್ನು 'ಮತ್ತಕ್ಕ' ಎಂದೇ ಕರೆದರು. ಮದುವೆಮನೆಯಲ್ಲಿ ಹಾಡಿದರೆ ಅಕ್ಕಯಮ್ಮ ಚಕಾರ ಎತ್ತುತ್ತಿರಲಿಲ್ಲ. ಅಚ್ಚಿನಲ್ಲಿ ಹೆಸರೆಂದರೆ ಮಾತ್ರ ಸಿಡಿದೇಳುತ್ತಿದ್ದಳು. ಹಾಗಾಗಿ ಮುಂದಿನ ಕ್ಯಾಸೆಟ್ಟುಗಳಿಗೂ ಅದೇ ಹೊದಿಕೆ ಉಳಿಯಿತು. ಕ್ಯಾಸೆಟ್ ಕಂಪನಿಯವರು ಬಂದು, ಹಾಡೆಲ್ಲ ನಮಗೆ ಬರೆದುಕೊಡಿ, ದೊಡ್ಡ ಹೆಸರು ಮಾಡುತ್ತೇವೆ ಎಂದಾಗ, "ಇಲ್ಲದಿರೋ ಹೆಸರನ್ನ ಹೆಂಗೆ ದೊಡ್ಡದು ಮಾಡ್ತೀರಿ ಸ್ವಾಮಿ?" ಎಂದು ರಾಮಲಕ್ಷ್ಮಮ್ಮ ನಕ್ಕು ಕಳಿಸಿದ್ದಳು. ನಕ್ಕಿದ್ದು ಹೊರಗೆ. ಒಳಗೆ...? ಹೊಸ ಹೊದಿಕೆ ಕೈಗೆ ಬಂದಾಗಲೆಲ್ಲ 'ಮತ್ತು' ಎಂಬ ಮಾತಿಗೆ ಮುಂಚಿನ ಆ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ತನ್ನನ್ನೇ ತಾನು ಸವರಿಕೊಂಡಂತೆ.

ಮಾರನೆಯ ದಿನವೂ ಅಕ್ಕಯಮ್ಮ ಬಾಯಿಗೆ ಏನೂ ಹಾಕಲಿಲ್ಲ. ಗಂಜಿಯ ಲೋಟ ಹಿಡಿದು ಹೋದರೆ ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಒಣಗಿದ ಆ ತುಟಿಗಳನ್ನು ನೋಡುತ್ತ ನೋಡುತ್ತ ರಾಮಲಕ್ಷ್ಮಮ್ಮನ ಹಟವೆಲ್ಲ ಕರಗಿ ನೀರಾಯಿತು. ಸಂಜೆಗೆ ಹೊದಿಕೆ ಅಚ್ಚಿಗೆ ಹೋಗಬೇಕು. ಸೆರಗು ಬಿಗಿದುಕೊಂಡು ಚಿಂತಾಮಣಿಯ ಬಸ್ಸು ಹತ್ತಿದಳು.

"ತೆಗೆದುಬಿಡಮ್ಮ ಯಾಮಿನಿ... ಹೆಸರು."

"ಅಮ್ಮಾ! ಹೆದರ್ಕೊಂಡ್ಯಾ? ಅದು ನಿನ್ನ ಹೆಸರು ಕಣಮ್ಮ!"

"ಹೆಸರಿಗೆ ಹಸಿವಾಗಲ್ಲ ಕಣೇ. ಅವರಿಗಾಗುತ್ತೆ."

ಯಾಮಿನಿ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು. "ಆಯ್ತು. ಅದಕ್ಕೆ ಮುಂಚೆ ಇದೊಂದು ಕೇಳು. ಮೊದಲ್ನೇ ಕ್ಯಾಸೆಟ್ಟು. ಹುಳದ ಸದ್ದು ಸ್ವಲ್ಪ ತಗ್ಗಿಸಿದೆ. ಪೂರ್ತಿ ತೆಗೀಲಿಲ್ಲ, ತೆಗೆದ್ರೆ ನಮ್ಮನೆ ಹಾಡೇ ಅಲ್ಲ ಅನ್ಸುತ್ತೆ. ತಗ್ಗಿಸಿದ್ಮೇಲೆ ಕೆಳಗಡೆ ಇನ್ನೇನೋ ಇದೆಯಮ್ಮ. ನೀನು ಒಬ್ಳೇ ಹಾಡಿದ್ದು ಅಂತೀಯಲ್ಲ..."

ಹೆಡ್‌ಫೋನಿನಲ್ಲಿ ತನ್ನದೇ ಎಳೆಯ ದನಿ ಕಿವಿ ತುಂಬಿತು.

'ಎಲೆ ತಿಂದ ಹುಳವಮ್ಮ ನೂಲಾಗಿ ಹೋಯ್ತು,
ಏನ ತಿಂದು ನಾ ಹಿಂಗೆ ಹಾಡಾದೆನೇ... ಓ ಅಕ್ಕಯ್ಯಾ...'

ಆಮೇಲೆ ಆ ಖಾಲಿ ಜಾಗ. ಹುಳುಗಳ ಸಣ್ಣ ಮಳೆ. ಅದರ ಆಚೆಯಿಂದ, ಗೋಣಿತಾಟಿನ ಹಿಂದಿನಿಂದ ಬಂದಂತೆ, ಯಾರಿಗೂ ಕೇಳಬಾರದೆಂದು ಅದುಮಿಟ್ಟ, ಆದರೆ ಶ್ರುತಿ ಒಂದಿಷ್ಟೂ ತಪ್ಪದ ಒಂದು ಹೆಣ್ಣುದನಿ...

'ಏಮಮ್ಮಾ...'

ಏನಮ್ಮಾ ಅಲ್ಲ. ಏಮಮ್ಮಾ! ಆ ಮನೆಯಲ್ಲಿ ಮೈಮರೆತಾಗ ತೆಲುಗು ಬಾಯಿಗೆ ಬರುತ್ತಿದ್ದುದು ಒಬ್ಬರಿಗೇ. ಮದನಪಲ್ಲಿ ಕಡೆಯಿಂದ ಸೊಸೆಯಾಗಿ ಬಂದಿದ್ದ ಅತ್ತೆಗೆ. ಮುಂದಿನ ಚರಣ ಮುಗಿಯಿತು. ಮತ್ತೆ ಕರೆ, ಮತ್ತೆ ಓಗೊಟ್ಟ ದನಿ. ಹಾಡು ಮುಗಿಯುವವರೆಗೂ ಒಂದು ಕರೆಯನ್ನೂ ಅದು ಬರಿದೇ ಹೋಗಗೊಡಲಿಲ್ಲ. ರಾಮಲಕ್ಷ್ಮಮ್ಮ ಬಾಯಿಗೆ ಸೆರಗೊತ್ತಿ ಬಿಕ್ಕಿದಳು. ಇಷ್ಟು ವರ್ಷ ತಾನು ಒಂಟಿಯಾಗಿ ಹಾಡಿದೆನೆಂದು ನಂಬಿದ್ದಳಲ್ಲ!

ತಾಯಿ ಮಗಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಾಗ ಅಕ್ಕಯಮ್ಮ ಗೋಡೆಯ ಕಡೆ ತಿರುಗಿ ಮಲಗಿಯೇ ಇದ್ದಳು. ಯಾಮಿನಿ ಮಾತಿಲ್ಲದೆ ಹೆಡ್‌ಫೋನನ್ನು ಅಜ್ಜಿಯ ಕಿವಿಗಿಟ್ಟಳು. ಮುದುಕಿಯ ಮುಖ ಮೊದಲು ಗಂಟಿಕ್ಕಿತು. ಆಮೇಲೆ... ಗೋಡೆಯ ಮೇಲಿದ್ದ ಕೈ ಮೆಲ್ಲಗೆ ಜಾರಿ ಎದೆಗೆ ಬಂತು.

"ನಾನಲ್ಲ," ಎಂದಳು. "ಹುಳದ ಸದ್ದಿರ್ಬೇಕು."

"ನಮ್ಮನೆ ಹುಳ ತೆಲುಗು ಮಾತಾಡ್ತಿತ್ತಾ ಅಜ್ಜೀ?"

"ಬಾಯ್ಮುಚ್ಚೇ, ಮೊಂಡಿ!" ಎಂದು ಎದ್ದು ಕೂತ ಅಕ್ಕಯಮ್ಮ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಸೊಪ್ಪಿನ ಮಂಕರಿ ಹೊತ್ಕೊಂಡು ಬಂದಿದ್ದೆ... ಒಳಗಿಂದ ಅಕ್ಕಯ್ಯಾ ಅಂತು. ತವರಲ್ಲಿ ನನ್ನ ಹಂಗೇ ಕರೀತಿದ್ರು ಕಣೇ ಲಕ್ಷ್ಮೀ. ಈ ಮನೆಗೆ ಬಂದ್ಮೇಲೆ ಸೊಸೆ ಆದೆ, ಆಮೇಲೆ ಅತ್ತೆ ಆದೆ, ಅಜ್ಜಿ ಆದೆ. ಅಕ್ಕಯ್ಯಾ ಅಂತ ಒಬ್ರೂ ಕರೀಲಿಲ್ಲ. ಕರೆದ್ರೆ ಓ ಅನ್ನದೆ ಇರಕ್ಕಾಗುತ್ತಾ?"

"ಮತ್ಯಾಕೆ ಅತ್ತೆ... ನನ್ನ ಹೆಸರು ಯಾಕೆ ಕೀಳಿಸಿದ್ರಿ?"

"ಮದುವೆಯಾದ ವರ್ಷ ಪಕ್ಕದ ಮನೆ ಮದುವೆ ಹಸೇಲಿ ಹಾಡ್ದೆ ಅಂತ ನಮ್ಮತ್ತೆ ನನ್ನ ತವರಿಗಟ್ಟಿದ್ಲು. ಬೀದೀಲಿ ಹೆಸರಾದೋಳು ನಮ್ಮನೆಗೆ ಬೇಡ ಅಂದ್ಲು. ಅಪ್ಪ ಅವಳ ಕಾಲು ಹಿಡಿದು ನನ್ನ ಮತ್ತೆ ಇಲ್ಲಿಗೆ ತಂದು ಬಿಟ್ಟೋದ. ಊರೋರು ನಿನಗೂ ಹಂಗೇ ಅಂದ್ರೆ ಅಂತ ಮೊದ್ಲು ಭಯ. ಆಮೇಲೆ..." ಅಕ್ಕಯಮ್ಮ ಕಣ್ಣು ತಪ್ಪಿಸಲಿಲ್ಲ. "ಆಮೇಲೆ ಹೊಟ್ಟೆಕಿಚ್ಚು ಕಣೇ. ನನಗೆ ಸಿಗದಿದ್ದು ನಿನಗೆ ಸಿಗುತ್ತಲ್ಲಾ ಅಂತ."

ರಾಮಲಕ್ಷ್ಮಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ! ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ಬೈಗುಳವಲ್ಲ. ಅತ್ತೆಯ ಎದುರಿಗೆ ನೆಲದ ಮೇಲೆ ಕೂತು, ಆ ಮನೆಯ ನಡುವೆ ಮೊದಲ ಸಲ ದನಿಯೆತ್ತಿ ಹಾಡಿದಳು. "ಏನ ತಿಂದು ನಾ ಹಿಂಗೆ ಹಾಡಾದೆನೇ... ಓ ಅಕ್ಕಯ್ಯಾ..."

ನಿಲ್ಲಿಸಿದಳು. ಕಾದಳು. ಈ ಸಲ ಮುಂದಿನ ಸಾಲನ್ನು ತಾನಾಗಿ ಎತ್ತಿಕೊಳ್ಳಲಿಲ್ಲ.

"ಏಮಮ್ಮಾ..." ಎಂದಿತು ಉಪವಾಸದಿಂದ ಒಣಗಿದ ಗಂಟಲು.

"ಅತ್ತೆ, ನನ್ನ ಹೆಸರು ಹಾಕೇ ಹಾಕ್ತೀನಿ. ಇನ್ನು ಮೇಲೆ ನಾನು ಅದನ್ನ ಯಾರಿಗೂ ಬಿಟ್ಕೊಡಲ್ಲ. ಪಕ್ಕದಲ್ಲಿ ನಿಮ್ಮದೂ ಇರುತ್ತೆ. ಈಗ ಗಂಜಿ ಕುಡೀರಿ."

ಲೋಟ ಅರ್ಧ ಬರಿದಾದ ಮೇಲೆ ಮುದುಕಿ ತಲೆಯೆತ್ತಿದಳು. "ಏನಂತ ಹಾಕ್ಸ್ತೀಯ?"

"'ರಾಮಲಕ್ಷ್ಮಮ್ಮ ಮತ್ತು ಸಂಗಡಿಗರು: ಅಕ್ಕಯಮ್ಮ' ಅಂತ."

"ನಾನು ಒಬ್ಳೇ ತಾನೆ ಸಂಗಡ ಇದ್ದಿದ್ದು? ಒಬ್ಳಿಗೆ 'ಗರು' ಯಾಕೆ?"

"ಅದು ಮರ್ಯಾದೆ ಅತ್ತೆ. ನಿಮ್ಮ ತೆಲುಗಿನ 'ಗಾರು' ಅಂದ್ಕೊಳ್ಳಿ!"

ಅಕ್ಕಯಮ್ಮ ನಕ್ಕಳು. ಹಲ್ಲಿಲ್ಲದ ಬಾಯಿಂದ ಗಂಜಿ ಚೆಲ್ಲುವಷ್ಟು ನಕ್ಕಳು. ಮುನಿನಾರಾಯಣಪ್ಪ ದಡಬಡನೆ ಎದ್ದು ಚಪ್ಪಲಿ ಹುಡುಕತೊಡಗಿದ. "ಅವತ್ತು ಕೀಳ್ಸಕ್ಕೆ ಓಡಿದ್ದೆ. ಇವತ್ತು ಹಾಕ್ಸಕ್ಕೆ ಓಡ್ತೀನಿ!"

"ಕೂತ್ಕೋ ಅಪ್ಪ. ಈಗ ಫೋನಲ್ಲೇ ಹೋಗುತ್ತೆ," ಎಂದು ಯಾಮಿನಿ ಅಳುತ್ತಲೇ ನಕ್ಕಳು.

ರೆಕಾರ್ಡು ಬಿಡುಗಡೆಯಾದದ್ದು ಶಿಡ್ಲಘಟ್ಟದಲ್ಲಿ, ಒಂದು ಕಲ್ಯಾಣಮಂಟಪದಲ್ಲಿ. ಗೂಡು ಮಾರಿ ಬಂದವರು, ನೂಲು ತೆಗೆಯುವ ಹೆಂಗಸರು, ಹಳೆಯ ಕ್ಯಾಸೆಟ್ಟುಗಳನ್ನು ಸೆರಗಿನಲ್ಲಿ ಸುತ್ತಿ ತಂದಿದ್ದ ಅಜ್ಜಿಯರು, ಎಲ್ಲಿಂದಲೋ ಬಂದ ಹರೆಯದವರು. ಕೂರಲು ಜಾಗ ಸಾಲದೆ ಗೋಡೆಗೊರಗಿ ನಿಂತಿದ್ದರು. ಮೈಕಿನಲ್ಲಿ ಅವಳ ಹೆಸರು ಕರೆದಾಗ ರಾಮಲಕ್ಷ್ಮಮ್ಮ ತಕ್ಷಣ ಏಳಲಿಲ್ಲ. ಇನ್ನೊಂದು ಸಲ ಕರೆಯಲಿ ಎಂದು ಕಾದಳು. ಕರೆದರು. ಆಗ ಎದ್ದಳು. ಅತ್ತೆಯ ತೋಳು ಹಿಡಿದು ವೇದಿಕೆ ಹತ್ತಿಸಿ, ತನಗಿಟ್ಟಿದ್ದ ಕುರ್ಚಿಯ ಪಕ್ಕದಲ್ಲೇ ಕೂರಿಸಿಕೊಂಡಳು.

ಹಾಡು ಎತ್ತಿದಳು. ಅರವತ್ತರ ಅಂಚಿನ ದನಿ ಈಗ ಸ್ವಲ್ಪ ಒರಟು, ಆದರೆ ತುಂಬಿದ ಕೊಳಗದ ಹಾಗೆ ಗಟ್ಟಿ. 'ಓ ಅಕ್ಕಯ್ಯಾ...' ಎಂದು ಕರೆದು ನಿಲ್ಲಿಸಿದಳು. ಒಂದು ಉಸಿರಿನಷ್ಟು ಜಾಗ.

"ಏಮಮ್ಮಾ!" ಎಂದಳು ಅಕ್ಕಯಮ್ಮ, ಮೈಕೇ ಬೇಡವೆನ್ನುವಂತೆ.

ಮುಂದಿನ ಸಲ ಆ ಜಾಗ ಬಂದಾಗ ಓಗೊಟ್ಟವಳು ಅಕ್ಕಯಮ್ಮ ಒಬ್ಬಳೇ ಅಲ್ಲ. ನೂಲು ತೆಗೆಯುವ ಹೆಂಗಸರೆಲ್ಲ ಒಂದೇ ಬಾಯಿಂದ ಓಗೊಟ್ಟರು. ಅದರ ಮುಂದಿನ ಸಲ ಇಡೀ ಮಂಟಪ.