ಗುಂಡಿಯೊಳಗಿನ ಕೆಂಪು ಮಣಿ

ಸೆಪ್ಟೆಂಬರ್ ಹದಿನೆಂಟು, ಬೆಳಿಗ್ಗೆ ಎಂಟೂ ಹತ್ತು. ಅಮೆರಿಕದ ಮೂಲನಿವಾಸಿಗಳ ಚೆರೋಕಿ ಊರಿನ ಪೊಲೀಸ್ ಠಾಣೆಗೆ, ಪ್ರವಾಸಕ್ಕೆ ಬಂದಿದ್ದ ಶ್ರೀಮತಿ ಕೆಲ್ಲರ್ ಓಡಿ ಬಂದರು. ಹಿಂದಿನ ದಿನ ಬೆಟ್ಟ ಹತ್ತಿದ ಗಂಡ ಹಿಂತಿರುಗಿರಲಿಲ್ಲ. ಇನ್ಸ್‌ಪೆಕ್ಟರ್ ರೀನಾ ವಾಚಾಚಾ ಎಫ್‌ಐಆರ್ ಬರೆದವಳೇ ಕಾನ್‌ಸ್ಟೆಬಲ್ ಡಾಬ್ಸನ್‌ನನ್ನು ಎಬ್ಬಿಸಿಕೊಂಡು ಹೊರಟಳು. ರಾತ್ರಿಯಿಡೀ ಮಳೆ ಹೊಡೆದಿತ್ತು. ಆ ಚಳಿಯಲ್ಲಿ ಮನುಷ್ಯ ಎಷ್ಟು ಹೊತ್ತು ತಡೆದಾನು?

ಹತ್ತೂ ಇಪ್ಪತ್ತಕ್ಕೆ ದಾರಿ ಕವಲೊಡೆಯುವಲ್ಲಿ ಸುಳಿವು ಸಿಕ್ಕಿತು. ಬಲಕ್ಕೆ ತೋರಿಸಬೇಕಿದ್ದ ಬಾಣದ ಕಂಬವನ್ನು ಯಾರೋ ಕಿತ್ತು, ನಾಲ್ಕು ಮಾರು ಆಚೆ ಎಡಕ್ಕೆ ತಿರುಗಿಸಿ ನೆಟ್ಟಿದ್ದರು.

"ಯಾರೋ ಪಡ್ಡೆಗಳ ಕಿತಾಪತಿ ಮೇಡಂ," ಎಂದ ಡಾಬ್ಸನ್.

ಪಂಚನಾಮೆಗೆಂದು ಕಂಬ ಮೊದಲಿದ್ದ ಗುಂಡಿಯ ಮಣ್ಣು ಕೆದಕಿದರೆ ಒಂದು ಕೆಂಪು ಮಣಿ. ಬೆಟ್ಟದಲ್ಲಿ ಔಷಧಿಗೆಂದು ಒಳ್ಳೆಯ ಬೆಲೆಗೆ ಹೋಗುವ ಜಿನ್ಸೆಂಗ್ ಬೇರು ಕಿತ್ತವರು ನೆಲಕ್ಕೊಂದು ಮಣಿ ಕೊಟ್ಟು ಗುಂಡಿ ಮುಚ್ಚುವುದು ಹಿರಿಯರ ಪದ್ಧತಿ. ಕಂಬ ಕಿತ್ತ ಗುಂಡಿಗೂ ಮಣಿ ಹಾಕುವಷ್ಟು ಆ ಅಭ್ಯಾಸ ಕೈಗೆ ಹತ್ತಿದ್ದು ಒಬ್ಬನಿಗೇ: ಪ್ರವಾಸಿಗರಿಗೆ ಬೆಟ್ಟ ತೋರಿಸುವ ಏಮಸ್‌ಗೆ. ರೀನಾಳ ತಾಯಿಯ ಅಣ್ಣ, ಅವಳನ್ನು ಸಾಕಿ ಬೆಳೆಸಿದವನು.

ಮಣಿಯನ್ನು ಜೇಬಿಗಿಳಿಸಿದ್ದರೆ ಕೇಳುವವರಿರಲಿಲ್ಲ. ಆದರೆ ಎಡದ ಕಾಡಿನ ಸಂದುಗೊಂದು ಬಲ್ಲವನೂ ಅವನೊಬ್ಬನೇ.

ಹನ್ನೊಂದೂ ಕಾಲು. ಏಮಸ್ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ.

"ಮಾವ, ಕಂಬ ಕಿತ್ತಿದ್ದು ನೀನಾ?"

"ಬಾ, ಕೂತ್ಕೋ. ಒಂದ್ತುತ್ತು ಉಂಡ್ಕೊಂಡು ಹೋಗು."

"ಹೌದೋ ಅಲ್ವೋ?"

"...ಹೌದು ಕಣೇ."

"ನಿನಗೇನು ಮಂಕು ಬಡಿದಿತ್ತಾ? ಒಬ್ಬ ಮನುಷ್ಯ ನಿನ್ನೆಯಿಂದ ನಾಪತ್ತೆ!"

ಮುದುಕನ ಕೈಯಿಂದ ಬುಟ್ಟಿ ಜಾರಿತು. "ಅಯ್ಯೋ! ದಾರಿ ಮುಗಿದ್ರೆ ವಾಪಸ್ ಬರ್ತಾರೆ ಅಂದ್ಕೊಂಡಿದ್ದೆ. ಮಳೇಲಿ ಕೊರಕಲು ಕಾಣ್ಸಲ್ಲ... ಏಳು, ನಾನೇ ತೋರಿಸ್ತೀನಿ."

ಎದ್ದೂ ಬಿದ್ದೂ ಓಡಿದರು. ದಾರಿಯುದ್ದಕ್ಕೂ ಏಮಸ್ ಕೂಗಿ ಕರೆಯುತ್ತಲೇ ಇದ್ದ. ಒಂದೂ ನಲವತ್ತಕ್ಕೆ ಕೊರಕಲಿನ ತಳದಲ್ಲಿ ಕೆಲ್ಲರ್ ಸಿಕ್ಕರು. ಕಾಲು ಮುರಿದಿತ್ತು, ಉಸಿರು ನಿಂತು ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು. ಚೀಲದಲ್ಲಿ ಕ್ಯಾಮೆರಾ, ನೀರು, ಅರ್ಧ ತಿಂದ ಸೇಬು. ಅಗೆಯುವ ಸಾಮಾನು ಒಂದೂ ಇರಲಿಲ್ಲ.

ರೀನಾ ಮಾವನಿಗೆ ಕೋಳ ತೊಡಿಸಿದಳು.

"ಬೇರಿನ ಕತೆ ಹೇಳಿ, ಆ ಜಾಗ ತೋರಿಸ್ದೋನು ನಾನೇ," ಎಂದ ಏಮಸ್. "ನಮ್ಮದು ಅನ್ನೋ ಹೆಮ್ಮೆ ನೋಡು. ಕೇಳಿದೋರಲ್ಲಿ ಕೆಲವರು ಗುದ್ದಲಿ ತಂದು ಬಳ್ಕೊಂಡು ಹೋದ್ರು. ಬಲಗಡೆ ದಾರೀಲಿ ಉಳಿದಿದ್ದು ಏಳೇ ಗಿಡ. ಅದನ್ನಾದ್ರೂ ಉಳಿಸ್ಕೊಳ್ಳೋಣ ಅಂತ..." ರೀನಾ ಅಷ್ಟನ್ನೇ ಹೇಳಿಕೆಯಾಗಿ ಬರೆದುಕೊಂಡಳು.

ಮೂರೂವರೆಗೆ ಠಾಣೆ ಸೇರಿದರು. ಏಮಸ್‌ನನ್ನು ಕಂಡದ್ದೇ ಶ್ರೀಮತಿ ಕೆಲ್ಲರ್ ಎದ್ದು ನಿಂತರು. ಕೋಳ ಅವರ ಕಣ್ಣಿಗೆ ಬಿದ್ದಿರಲಿಲ್ಲ.

"ಸದ್ಯ, ಇವರನ್ನೇ ಕರ್ಕೊಂಡು ಬಂದ್ರಲ್ಲ! ಹೋದ ವರ್ಷ ನಮಗೆ ಬೆಟ್ಟ ತೋರಿಸಿದ್ದು ಇವರೇ. ಇವರ ಬಾಯಲ್ಲಿ ಬೆಟ್ಟದ ಕತೆ ಕೇಳ್ಬೇಕು ಅಂತಾನೇ ನಮ್ಮೆಜಮಾನ್ರು ಮತ್ತೆ ಬಂದಿದ್ದು. ಇನ್ನು ಭಯ ಇಲ್ಲ, ಇವರು ಹುಡುಕಿ ಕೊಡ್ತಾರೆ."

ಏಮಸ್ ಕೋಳ ತೊಟ್ಟ ಕೈಗಳನ್ನು ಅವರ ಮುಂದೆ ಚಾಚಿದ. ಹೇಳಬೇಕಾದದ್ದನ್ನು ರೀನಾಳೇ ಹೇಳಿದಳು.