ಎರಡನೇ ಕಂಟ್ರೋಲರ್

"ಇದಕ್ಕೆ ಮೌಸ್ ಇಲ್ವಾ?"

ಅವನು ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ಗೇಮ್ ಕನ್ಸೋಲ್ ಮಾರುವ ಕೌಂಟರಿನಲ್ಲಿ ಎರಡು ವರ್ಷದಿಂದ ನಿಂತಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕಂಟ್ರೋಲರನ್ನು ಹಸುಗೂಸು ಎತ್ತಿಕೊಂಡ ಹಾಗೆ ಹಿಡಿದಿದ್ದ. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

"ಇಲ್ಲ ಸರ್. ಎರಡು ಹೆಬ್ಬೆರಳಿದ್ರೆ ಸಾಕು."

"ಹತ್ತು ವರ್ಷದಿಂದ ಕಂಪ್ಯೂಟರಲ್ಲೇ ಆಡಿದೋನು ನಾನು. ಬೆರಳೆಲ್ಲ ಕೀಬೋರ್ಡಿಗೆ ಒಗ್ಗಿಹೋಗಿವೆ."

"ಮತ್ತೆ ಇದ್ಯಾಕೆ ಬೇಕಾಯ್ತು?"

ಅವನು ತಲೆ ಕೆರೆದುಕೊಂಡ. "ಕಂಪ್ಯೂಟರ್ ರೂಮಿನ ಮೂಲೇಲಿದೆ. ಗೋಡೆ ಕಡೆ ತಿರುಗಿ ಕೂರ್ತೀನಿ. 'ನಿನ್ನ ಬೆನ್ನು ನೋಡೀ ನೋಡೀ ಮುಖಾನೇ ಮರ್ತುಹೋಯ್ತು ಕಣೋ' ಅಂತಾರೆ ಅಮ್ಮ. ಅದಕ್ಕೇ ಹಾಲ್‌ನಲ್ಲಿ ಟೀವಿ ಮುಂದೆ, ಅಮ್ಮನ ಪಕ್ಕ ಕೂತು ಆಡೋಣ ಅಂತ."

ಅಮ್ಮನಿಗೆ ಮುಖ ತೋರಿಸುವುದಕ್ಕಾಗಿ ಕನ್ಸೋಲ್ ಕೊಳ್ಳುವ ಗಂಡಸು! ಆವತ್ತೇ ಅವನಿಗೆ ಮೌಸ್ ಸಾಹೇಬ ಎಂದು ಮನಸ್ಸಿನಲ್ಲೇ ಹೆಸರಿಟ್ಟುಬಿಟ್ಟೆ.

ಡೆಮೊ ಸೋಫಾದ ಮೇಲೆ ಕೂರಿಸಿ, ಇಬ್ಬರು ಸೇರಿ ಆಡುವ ಆಟ ಹಾಕಿದೆ. ಆಟದಲ್ಲಿ ನನ್ನ ಕೈಗೆ ಲಾಂದ್ರ, ಅವನ ಹೆಗಲಿಗೆ ಏಣಿ. ಏಣಿ ಹೊತ್ತು ಸೀದಾ ಹೋಗಿ ಬಾವಿಗೆ ಬಿದ್ದ. ನನಗೆ ನಗು ತಡೆಯಲಾಗಲಿಲ್ಲ. ಅವನು ಪರದೆ ಬಿಟ್ಟು ನನ್ನ ಕಡೆ ನೋಡಿದ. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿಯೇ ನೋಡಿದ. ಅಷ್ಟರಲ್ಲಿ ಮತ್ತೆ ಬಾವಿಗೆ ಬಿದ್ದಿದ್ದ.

ಮುಂದಿನ ಶನಿವಾರವೂ ಬಂದ. ಅದರ ಮುಂದಿನದೂ. ನಾನೋ, ಮಾರುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ. "ಬಿಳಿ ಬಣ್ಣದ್ದು ಬರುತ್ತೆ, ಕಾಯಿರಿ ಸರ್." "ಇನ್ನೊಂದು ವಾರ ಕೈ ಪಳಗಲಿ ಸರ್." ಕೊಂಡುಕೊಂಡ ಮೇಲೆ ಈ ಅಂಗಡಿಯಲ್ಲಿ ಅವನಿಗೇನು ಕೆಲಸ? ಶನಿವಾರ ಬರುತ್ತದೆ, ಅವನು ಬರುವುದಿಲ್ಲ.

ಅಂಗಡಿಯ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಆ ಗಿರಾಕಿಗೆ ಮಾರ್ತೀಯೋ, ಇಲ್ಲಾ ಅವನನ್ನ ಇಲ್ಲೇ ಸಾಕ್ಕೊಳ್ತೀಯೋ?"

ಆರನೇ ಶನಿವಾರ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವರೇ ಮಾರಿಬಿಟ್ಟಿದ್ದರು. ಅವನ ಮುಂದೆ ದೊಡ್ಡ ಡಬ್ಬ ಕೂತಿತ್ತು.

"ಇನ್ನೊಂದು ಕಂಟ್ರೋಲರೂ ಕೊಡಿ," ಎಂದ, ನನ್ನ ಮುಖ ನೋಡದೆ.

ಎರಡನೆಯದು ಯಾರಿಗೆ? ಕೇಳಲು ನಾನ್ಯಾರು? ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಅವನಿಗೂ ಹೇಳಿದೆ. "ಸೀಲ್ ಒಡೆದ್ರೆ ವಾಪಸ್ ತಗೊಳ್ಳಲ್ಲ ಸರ್. ಒಡೆಯೋ ಮುಂಚೆ ಯೋಚ್ನೆ ಮಾಡಿ."

"ಮಾಡಿದೀನಿ," ಎಂದು ಅಲ್ಲೇ ನಿಂತ. ಇನ್ನೇನೋ ಹೇಳುವವನಂತಿದ್ದ. ಅಷ್ಟರಲ್ಲಿ ಬೇರೆ ಗಿರಾಕಿ ನನ್ನನ್ನು ಕರೆದರು. ತಿರುಗಿ ನೋಡುವಾಗ ಅವನಿರಲಿಲ್ಲ.

ಮೂರು ಶನಿವಾರ ಕಳೆದವು. ಬಾಗಿಲು ಸದ್ದಾದಾಗಲೆಲ್ಲ ಕತ್ತು ಅತ್ತಲೇ ತಿರುಗುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಸೋಫಾದಲ್ಲಿ ಕೂತು, ಎರಡೂ ಕಂಟ್ರೋಲರ್ ನಾನೇ ಹಿಡಿದು ಆಡಿದೆ. ಏಣಿ ಹೊತ್ತವನು ಒಂದು ಸಲವೂ ಬಾವಿಗೆ ಬೀಳಲಿಲ್ಲ. ನನಗೆ ಅಳು ಬಂತು.

ನಾಲ್ಕನೇ ಶನಿವಾರ ಬಂದ. ಕೌಂಟರಿನ ಮೇಲೆ ಆ ಎರಡನೇ ಕಂಟ್ರೋಲರಿನ ಚಿಕ್ಕ ಡಬ್ಬವನ್ನಿಟ್ಟ.

"ಇದನ್ನ ವಾಪಸ್ ತಗೊಳ್ತೀರಾ?"

"ಯಾಕೆ, ಕೆಟ್ಟಿದ್ಯಾ?"

"ಇಲ್ಲ. ಸೀಲೇ ಒಡೆದಿಲ್ಲ."

"ಅಮ್ಮ ಆಡಲ್ವಾ?"

"ಅಮ್ಮ ಪಕ್ಕದಲ್ಲಿ ಕೂತು ನೋಡ್ತಾರೆ ಅಷ್ಟೆ. 'ಈಗೇನೋ ಮುಖ ಕಾಣುತ್ತೆ, ಆದ್ರೆ ಯಾಕೋ ಇಷ್ಟು ಸಪ್ಪಗಿದೆ' ಅಂತಾರೆ. ಇದು ಅಮ್ಮನಿಗೆ ತಂದಿದ್ದಲ್ಲ."

"ಮತ್ತೆ ಯಾರಿಗೆ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ನಾನು ಬಾವಿಗೆ ಬಿದ್ರೆ ನಗೋರಿಗೆ." ಅವನ ಕಿವಿ ಕೆಂಪಾಗಿತ್ತು. "ಆವತ್ತೇ ಕೇಳೋಣ ಅಂದ್ಕೊಂಡೆ, ಬಾಯೇ ಬರಲಿಲ್ಲ. ಐದು ವಾರ ಮಾರದೇ ಕಾಯಿಸಿದ್ರಲ್ಲ, ನಿಮ್ಮ ಮನಸ್ಸಲ್ಲೂ ಏನೋ ಇರಬೇಕು ಅಂತ ಆಸೆಪಟ್ಟಿದ್ದೆ. ತಪ್ಪು ತಿಳ್ಕೊಂಡಿದ್ರೆ ಇದನ್ನ ತಗೊಂಡ್ಬಿಡಿ. ಇನ್ನು ಈ ಕಡೆ ತಲೆ ಹಾಕಲ್ಲ."

ಡಬ್ಬವನ್ನು ಕೈಗೆತ್ತಿಕೊಂಡೆ. ಅತ್ತ ಇತ್ತ ತಿರುಗಿಸಿ ನೋಡಿದೆ. ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಸೀಲಿನ ಅಂಚಿಗೆ ಉಗುರು ಕೊಟ್ಟು ಚರ್‍ರೆಂದು ಹರಿದೆ.

"ಅಯ್ಯೋ, ಒಡೆದೇಹೋಯ್ತಲ್ಲ! ಇನ್ನು ವಾಪಸ್ ತಗೊಳ್ಳೋ ಹಾಗಿಲ್ಲ ಕಣ್ರೀ."