ಒಟ್ಟಿಗೆ ಸತ್ತ ಎರಡು ಫ್ಲಾಪಿಗಳು

ಸೋಮವಾರ ಬೆಳಿಗ್ಗೆ ಬೂರೋಸ್ ಪಟ್ಟಣದ ಒಂದು ಚಿಕ್ಕ ನೇಯ್ಗೆಮನೆಯಲ್ಲಿ ಮಗ್ಗ ಓಡಲಿಲ್ಲ. ಅದನ್ನು ನಡೆಸುವ ಹಳೆಯ ಕಂಪ್ಯೂಟರು ಫ್ಲಾಪಿಯಿಂದಲೇ ಶುರುವಾಗಬೇಕು. ಇವತ್ತು ಅದು ಫ್ಲಾಪಿಯನ್ನೇ ಗುರುತಿಸಲಿಲ್ಲ. ಗುರುವಾರ ಚರ್ಚಿಗೆ ಕೊಡಬೇಕಾದ ಬಟ್ಟೆಯ ವಿನ್ಯಾಸವೂ ಅದರಲ್ಲೇ ಇತ್ತು.

"ಶುಕ್ರವಾರ ಫ್ಲಾಪಿ ಕೊನೆಗೆ ಮುಟ್ಟಿದ್ದು ನೀನು," ಎಂದಳು ಟೀರಾ, ಸೀಗ್ನೆಯ ಕಡೆ ತಿರುಗಿ. "ಸೂಜಿ ಹಿಡಿಯೋ ಅಯಸ್ಕಾಂತ ಪಕ್ಕದಲ್ಲಿಟ್ಯಾ? ಇಲ್ಲಾ ಬೇಕಂತಲೇ ಮಾಡಿದ್ಯಾ? ಮಗ್ಗ ಮಾರಿಬಿಡೋಣ ಅಂತಿದ್ದವಳು ನೀನೇ ತಾನೆ?"

ಸೀಗ್ನೆ ಫೋನ್ ಎತ್ತಿ ರಿಪೇರಿಗಾರನಿಗೆ ಕರೆ ಮಾಡಿದಳು. ಹತ್ತೊಂಬತ್ತು ವರ್ಷ ಜೊತೆಯಲ್ಲಿ ನೇಯ್ದವಳ ಬಾಯಲ್ಲಿ ಈ ಮಾತು ಬಂತಲ್ಲ!

ಹತ್ತು ಗಂಟೆಗೆ ನಿವೃತ್ತ ರಿಪೇರಿಗಾರ ಸಿಕ್ಸ್ಟೆನ್ ಬಂದ.

"ನಕಲು ಫ್ಲಾಪಿ ಇಲ್ವಾ?"

"ಇದೆ. ಅದೂ ಸತ್ತಿದೆ," ಎಂದಳು ಟೀರಾ.

"ಎಲ್ಲಿಟ್ಟಿದ್ರಿ?"

"ನಮ್ಮನೆ ಕಪಾಟಲ್ಲಿ, ಬೀಗ ಹಾಕಿ."

"ಬೀಗದ ಕೈ ಸೀಗ್ನೆ ಹತ್ರ ಇದ್ಯಾ?"

"ಇಲ್ಲ."

"ಮತ್ತೆ ಅದನ್ನ ಅವರು ಹೇಗೆ ಕೆಡಿಸಿದ್ರು?"

ಟೀರಾ ಎರಡೂ ಫ್ಲಾಪಿಗಳನ್ನು ಅವನ ಮುಂದಿಟ್ಟಳು.

ಸಿಕ್ಸ್ಟೆನ್ ತನ್ನದೊಂದು ಫ್ಲಾಪಿ ಹಾಕಿದ. ಕಂಪ್ಯೂಟರು ತಕ್ಷಣ ಶುರುವಾಯಿತು. ಅವನು ಬಗ್ಗಿ ಪೆಟ್ಟಿಗೆಯನ್ನೇ ನೋಡುತ್ತ ನಿಂತ. ಪೆಟ್ಟಿಗೆಯೆಲ್ಲ ಹಳದಿಗಟ್ಟಿತ್ತು, ಫ್ಲಾಪಿ ತೂರಿಸುವ ಡ್ರೈವಿನ ಬಟನ್ ಮಾತ್ರ ಅಚ್ಚಬಿಳಿ.

"ಡ್ರೈವ್ ಯಾವಾಗ ಬದಲಾಯಿಸಿದ್ರಿ?"

"ಶನಿವಾರ. ಕರಕರ ಅಂತಿತ್ತು, ಅಂಗಡಿಯವನನ್ನ ಕರೆಸಿ ಹೊಸದು ಹಾಕಿಸ್ದೆ. ಅವನ ಫ್ಲಾಪಿ ಚೆನ್ನಾಗೇ ಓದ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಇರೋದೇ ಅಲ್ಲಿ. ಹಳೇ ಡ್ರೈವಿನಲ್ಲಿ ಓದಿ ಬರೆಯೋ ಹೆಡ್ಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಪಕ್ಕದಲ್ಲೇ ಬರೀತಿತ್ತು, ಪಕ್ಕದಲ್ಲೇ ಓದ್ತಿತ್ತು — ನಿಮಗೆ ಗೊತ್ತೇ ಆಗ್ಲಿಲ್ಲ. ಹೊಸದು ಸರಿಯಾದ ಜಾಗದಲ್ಲಿ ಹುಡುಕ್ತಿದೆ. ಅಲ್ಲೇನೂ ಇಲ್ಲ. ಫ್ಲಾಪಿ ಎರಡೂ ಚೆನ್ನಾಗಿವೆ. ಅವುಗಳ ಬಾಯಿ ಕಟ್ಟಿದ್ದು ನೀವು, ಟೀರಾ. ಗೊತ್ತಿಲ್ದೆ."

ಹಳೆಯ ಡ್ರೈವು ಇನ್ನೂ ಕಸದ ಬುಟ್ಟಿಯಲ್ಲೇ ಇತ್ತು. ಸಿಕ್ಸ್ಟೆನ್ ಅದನ್ನು ಹೊಸದರ ಜೊತೆಗೆ ಜೋಡಿಸಿ, ಹಳೆಯದರಲ್ಲಿ ಓದಿಸಿ ಹೊಸದರಲ್ಲಿ ನಕಲು ಬರೆಸಿದ. ಮಧ್ಯಾಹ್ನದ ಹೊತ್ತಿಗೆ ಮಗ್ಗ ಓಡುತ್ತಿತ್ತು.

"ತಪ್ಪಾಯ್ತು ಕಣೇ," ಎಂದಳು ಟೀರಾ.

"ಡ್ರೈವ್ ಬದಲಾಯಿಸಿದ್ದು ನಿಂಗೆ ನೆನಪಾಗ್ಲಿಲ್ಲ," ಎಂದಳು ಸೀಗ್ನೆ. "ನಾನು ನೆನಪಾದೆ."

ಚರ್ಚಿನ ಬಟ್ಟೆಯನ್ನು ಇಬ್ಬರೂ ಕೂತು ಮುಗಿಸಿದರು. ಸೀಗ್ನೆ ಮತ್ತೆ ಬಾಯಿ ಬಿಟ್ಟದ್ದು ಮಾತ್ರ ಬುಧವಾರ.